ಉಸಿರಾಡಲು ಈಜುವ ಶಾರ್ಕ್: ಆಮ್ಲಜನಕದ ಲೆಕ್ಕ ಹೇಗೆ ಸರಿಹೋಗುತ್ತದೆ?

ಕೌತುಕ:

ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಕೆಲವು ಶಾರ್ಕ್‌ಗಳು ಈಜು ನಿಲ್ಲಿಸಿದರೆ ಉಸಿರು ಕಟ್ಟಿ ಸಾಯುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಮುಂದಕ್ಕೆ ಹೋಗುತ್ತಿದ್ದರೆ ಬಾಯಿಗೆ ನೀರು ನುಗ್ಗುತ್ತದೆ, ಕಿವಿರುಗಳ ಮೂಲಕ ಆಚೆ ಹೋಗುತ್ತದೆ, ಆ ದಾರಿಯಲ್ಲಿ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಇಷ್ಟು ಅರ್ಥವಾಯಿತು.

ಅರ್ಥವಾಗದ್ದು ಇದು. ಈಜಬೇಕೆಂದರೆ ಸ್ನಾಯು ದುಡಿಯಬೇಕು. ದುಡಿಯುವ ಸ್ನಾಯುವಿಗೆ ಆಮ್ಲಜನಕ ಬೇಕು. ಅಂದರೆ ಆಮ್ಲಜನಕ ಗಳಿಸುವುದಕ್ಕೇ ಆಮ್ಲಜನಕ ಖರ್ಚು! ಜೋರಾಗಿ ಈಜಿದರೆ ಖರ್ಚು ಇನ್ನೂ ಜಾಸ್ತಿ. ಹಾಗಿದ್ದರೆ ಕೊನೆಗೆ ಉಳಿಯುವುದೇನು? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ. ‘ಅದೇ ಪ್ರಕೃತಿಯ ವಿಸ್ಮಯ’ ಅಂತ ಮಾತ್ರ ದಯವಿಟ್ಟು ಉತ್ತರ ಕೊಡಬೇಡಿ.

ಕಡಲಕಾಗೆ:

ಅದೇ ಪ್ರಕೃತಿಯ ವಿಸ್ಮಯ.

ಸುಮ್ನೆ ತಮಾಷೆಗೆ ಹೇಳಿದೆ, ಬೈಬೇಡಿ. ನನ್ನದೂ ಇದೇ ಪ್ರಶ್ನೆ. ಕಾದು ಕೂತಿದ್ದೇನೆ.

ಮೀನಮೇಷ:

ಒಳ್ಳೆಯ ಪ್ರಶ್ನೆ ಕೌತುಕ ಅವರೇ. ಮೊದಲು ನೀರಿನ ಕಥೆ ನೋಡೋಣ, ಆಮೇಲೆ ಶಾರ್ಕ್.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಲೀಟರ್ ಸಮುದ್ರದ ನೀರಿನಲ್ಲಿ ಕರಗಿರುವುದು 5 ಮಿಲಿಲೀಟರ್ ಆಸುಪಾಸು, ಅಷ್ಟೇ. ಇದರ ಮೇಲೆ ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಸಿಗುವುದು ಚೂರು, ಹೊರಬೇಕಾದ ಭಾರ ಬೆಟ್ಟದಷ್ಟು.

ಅಂದಾಜಿಗೆ ಒಂದು ಲೆಕ್ಕ ಮಾಡಿ ನೋಡಿ. ಸುಮ್ಮನೆ ಕೂತ ಮನುಷ್ಯನಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬೇಕು. ಅವನಿಗೆ ಕಿವಿರು ಇತ್ತು, ನೀರಿನಲ್ಲಿದ್ದ ಆಮ್ಲಜನಕದಲ್ಲಿ ಅರ್ಧವನ್ನು ಅದು ಹೀರುತ್ತಿತ್ತು ಎಂದುಕೊಳ್ಳಿ. ಆಗಲೂ ಪ್ರತಿ ನಿಮಿಷ 100 ಲೀಟರ್ ನೀರನ್ನು ಒಳಗೆಳೆದು ಆಚೆ ಹಾಕಬೇಕು. ಅದೂ ಸುಮ್ಮನೆ ಕೂತಿದ್ದಾಗ!

ಹಾಗಾಗಿ ನೀರಿನಲ್ಲಿ ಉಸಿರಾಡುವ ಪ್ರಾಣಿಗೆ ನೀರನ್ನು ಸರಿಸುವುದೇ ದೊಡ್ಡ ಖರ್ಚು. ಇದಕ್ಕೆ ಎರಡು ದಾರಿ. ಒಂದು, ಬಾಯಿ ಮತ್ತು ಗಂಟಲಿನ ಸ್ನಾಯುಗಳಿಂದ ನೀರನ್ನು ಎಳೆದು ಹಿಂದಕ್ಕೆ ತಳ್ಳುವುದು. ಇನ್ನೊಂದು, ಬಾಯಿ ಸ್ವಲ್ಪ ತೆರೆದುಕೊಂಡು ಮುಂದೆ ಈಜುವುದು. ಓಡುವ ಬಸ್ಸಿನ ಕಿಟಕಿ ತೆರೆದರೆ ಫ್ಯಾನ್ ಇಲ್ಲದೆಯೇ ಗಾಳಿ ಬರುತ್ತದಲ್ಲ, ಹಾಗೆ. ಬಸ್ಸು ನಿಮಗೆ ಗಾಳಿ ಹಾಕಲೆಂದು ಓಡುತ್ತಿಲ್ಲ. ಹೇಗೂ ಓಡುತ್ತಿದೆ, ಗಾಳಿ ಪುಕ್ಕಟೆ.

ಶಾರ್ಕ್ ಕೂಡ ಹೇಗೂ ಈಜಬೇಕು. ಬೇರೆ ಮೀನುಗಳಿಗಿರುವ ಗಾಳಿಚೀಲ ಅದಕ್ಕಿಲ್ಲ. ಎಣ್ಣೆ ತುಂಬಿದ ದೊಡ್ಡ ಲಿವರ್ ಇರುವುದರಿಂದ ಮೈ ಸ್ವಲ್ಪ ಹಗುರ. ಆದರೂ ಹೆಚ್ಚಿನ ಶಾರ್ಕ್‌ಗಳು ನಿಂತರೆ ಮುಳುಗುತ್ತವೆ. ಎದೆಯ ಎರಡು ಈಜುರೆಕ್ಕೆಗಳ ಮೇಲೆ ನೀರು ಹರಿದಾಗಲೇ ಮೇಲಕ್ಕೆ ಎತ್ತುವ ಬಲ ಸಿಗುತ್ತದೆ. ತೇಲುವುದಕ್ಕೆ, ಬೇಟೆಗೆ, ದೂರದ ಪಯಣಕ್ಕೆ ಬಾಲ ಆಡುತ್ತಲೇ ಇರುತ್ತದೆ. ಆ ಖರ್ಚು ಮೊದಲೇ ಆಗಿಹೋಗಿದೆ. ಉಸಿರಾಟಕ್ಕೆಂದು ಮೇಲೆ ಬೀಳುವುದು, ಬಾಯಿ ತೆರೆದಾಗ ನೀರಿನ ತಡೆ ಸ್ವಲ್ಪ ಹೆಚ್ಚಾಗುತ್ತದಲ್ಲ, ಅದು ಮಾತ್ರ.

ರೈನ್‌ಬೋ ಟ್ರೌಟ್ ಮೀನಿನ ಮೇಲೆ 1980ರ ದಶಕದಲ್ಲಿ ಇದನ್ನು ಅಳೆದಿದ್ದಾರೆ. ಎದುರು ನೀರಿನ ವೇಗ ಸಾಕಷ್ಟಾದ ಕೂಡಲೇ ಟ್ರೌಟ್ ಬಾಯಿ ಬಡಿಯುವುದನ್ನು ಬಿಟ್ಟು ಸುಮ್ಮನೆ ತೆರೆದಿಟ್ಟುಕೊಳ್ಳುತ್ತದೆ. ಆಗ ಅದರ ಒಟ್ಟು ಆಮ್ಲಜನಕದ ಖರ್ಚು ಶೇಕಡಾ 10ರಷ್ಟು ಇಳಿಯಿತು. ಟ್ರೌಟ್ ಶಾರ್ಕ್ ಅಲ್ಲ, ನಿಜ. ಆದರೆ ನೀರಿನ ಭಾರ ಇಬ್ಬರಿಗೂ ಒಂದೇ.

ಕೌತುಕ:

ಓಹ್, ಈಜುವ ಖರ್ಚನ್ನೆಲ್ಲ ಉಸಿರಾಟದ ಲೆಕ್ಕಕ್ಕೆ ಬರೆಯಬಾರದು ಅಂತೀರಿ. ಸರಿ. ಆದರೆ ಜೋರಾಗಿ ಈಜಿದರೆ?

ಮೀನಮೇಷ:

ಅಲ್ಲಿ ನಿಮ್ಮ ಅನುಮಾನ ಪೂರ್ತಿ ನ್ಯಾಯವಾದದ್ದು. ವೇಗ ಎರಡು ಪಟ್ಟಾದರೆ ಬಾಯಿಗೆ ಬರುವ ನೀರೂ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆದರೆ ನೀರನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟು ಪಟ್ಟಿನ ಹತ್ತಿರ ಹೋಗುತ್ತದೆ. ಗಳಿಕೆ ನಡೆಯುತ್ತದೆ, ಖರ್ಚು ಓಡುತ್ತದೆ.

ಅದಕ್ಕೇ ಶಾರ್ಕ್ ದಿನದ ಬಹುಪಾಲು ನಿಧಾನವಾಗಿಯೇ ಈಜುತ್ತದೆ. ಆ ವೇಗದಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ನೀರು ಸಿಗುತ್ತದೆ, ಬಾಯಿ ಒಂದಿಷ್ಟು ತೆರೆದರೆ ಸಾಕು. ಬೇಟೆಯ ಮೇಲೆ ನುಗ್ಗುವಾಗ ಕಥೆ ಬೇರೆ. ಆಗ ದುಡಿಯುವುದು ಬಿಳಿ ಸ್ನಾಯು. ಅದು ಸ್ವಲ್ಪ ಹೊತ್ತು ಆಮ್ಲಜನಕ ಇಲ್ಲದೆಯೇ ಶಕ್ತಿ ತೆಗೆಯಬಲ್ಲದು, ಲ್ಯಾಕ್ಟಿಕ್ ಆಮ್ಲ ಕೂಡಿಡುತ್ತದೆ. ಆ ಸಾಲವನ್ನು ಆಮೇಲೆ ನಿಧಾನವಾಗಿ ಈಜುತ್ತಾ, ಉಸಿರಾಡುತ್ತಾ ತೀರಿಸಬೇಕು. ಶಾರ್ಕ್ ಗಂಟೆಗಟ್ಟಲೆ ಬೆನ್ನಟ್ಟುವುದನ್ನು ಯಾರೂ ನೋಡುವುದಿಲ್ಲ. ಒಂದೇ ನುಗ್ಗು, ಸಿಕ್ಕಿದರೆ ಸಿಕ್ಕಿತು.

ಇನ್ನೊಂದು ಮಾತು. ಮಾಕೋ ಶಾರ್ಕ್ ಫೋಟೋ ನೋಡಿದ್ದೀರಾ? ಯಾವಾಗಲೂ ಬಾಯಿ ಅರೆ ತೆರೆದು ಹಲ್ಲು ಕಿರಿದುಕೊಂಡೇ ಇರುತ್ತದೆ. ಸಿಟ್ಟಲ್ಲ ಪಾಪ, ಉಸಿರಾಟ.

ಅಲೆಮಾರಿ:

ಮಾರಾಯ್ರೆ, ‘ಶಾರ್ಕ್ ನಿಂತರೆ ಸಾಯುತ್ತದೆ’ ಎನ್ನುವ ಮಾತಿಗೆ ಒಂದು ಕಡಿವಾಣ ಹಾಕಿ ಮೊದಲು. ನಾನು ಸ್ಕೂಬಾ ಡೈವಿಂಗ್ ಮಾಡುತ್ತೇನೆ. ನೆಲದ ಮೇಲೆ ಹಾಯಾಗಿ ಬಿದ್ದುಕೊಂಡ ಶಾರ್ಕ್‌ಗಳನ್ನು ನೋಡಿದ್ದೇನೆ.

ನರ್ಸ್ ಶಾರ್ಕ್ ಒಂದು ಬಂಡೆಯ ಅಡಿಯಲ್ಲಿ ತಲೆ ತೂರಿಸಿ ಮಲಗಿತ್ತು. ಹತ್ತಿರದಿಂದ ನೋಡಿದರೆ ಅದರ ಉಸಿರಾಟ ಚೆನ್ನಾಗಿ ಕಾಣುತ್ತದೆ. ಬಾಯಿ ಒಂದು ಚೂರು ತೆರೆಯುತ್ತದೆ, ಗಂಟಲಿನ ಕೆಳಭಾಗ ಇಳಿಯುತ್ತದೆ. ಬಾಯಿ ಮುಚ್ಚುತ್ತದೆ, ಗಂಟಲು ಮೇಲೇರುತ್ತದೆ, ಕೂಡಲೇ ಪಕ್ಕದ ಸೀಳುಗಳು ಮೆಲ್ಲಗೆ ಅರಳಿ ಮುಚ್ಚಿಕೊಳ್ಳುತ್ತವೆ. ಸೀಳಿನ ಮುಂದಿದ್ದ ಸಣ್ಣ ಮರಳಿನ ಕಣಗಳು ಪ್ರತಿ ಸಲ ಹಾರುತ್ತಿದ್ದವು. ನಾನು ಅಲ್ಲಿದ್ದಷ್ಟು ಹೊತ್ತೂ ಮೈ ಒಂದಿಷ್ಟೂ ಅಲುಗಲಿಲ್ಲ.

ವೈಟ್‌ಟಿಪ್ ರೀಫ್ ಶಾರ್ಕ್ ಕೂಡ ಹಗಲೆಲ್ಲ ಗುಹೆಗಳಲ್ಲಿ ಒಂದರ ಪಕ್ಕ ಒಂದು ಮಲಗಿರುತ್ತದೆ. ಅದು ಸಪೂರ ಮೈಯ, ಚೆನ್ನಾಗಿ ಈಜುವ ಜಾತಿ. ಆದರೂ ನಿಲ್ಲಬಲ್ಲದು.

ಕಿವಿರು:

ಅಲೆಮಾರಿ ಅವರ ಮಾತಿಗೆ ನನ್ನ ಪೂರ್ತಿ ಸಹಮತ. ಶಾರ್ಕ್‌ಗಳಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಈಜದೇ ಉಸಿರಾಡಲಾರದವು ಎಂದು ಸಾಮಾನ್ಯವಾಗಿ ಹೆಸರಿಸುವುದು ಎರಡು ಡಜನ್ ಆಸುಪಾಸು. ಗ್ರೇಟ್ ವೈಟ್, ಮಾಕೋ, ಸಾಲ್ಮನ್ ಶಾರ್ಕ್, ತಿಮಿಂಗಿಲ ಶಾರ್ಕ್ ಈ ಗುಂಪಿನವು. ನರ್ಸ್ ಶಾರ್ಕ್, ಏಂಜೆಲ್ ಶಾರ್ಕ್, ವೊಬೆಗಾಂಗ್ ಇವೆಲ್ಲ ತಳದಲ್ಲಿ ಮಲಗಿ ಬಾಯಿಯಿಂದ ನೀರೆಳೆಯುವ ಜಾತಿ. ನಡುವೆ ಇನ್ನೊಂದು ದೊಡ್ಡ ಗುಂಪು ಎರಡನ್ನೂ ಬಲ್ಲದು. ನಿಂಬೆ ಶಾರ್ಕ್, ಸ್ಯಾಂಡ್ ಟೈಗರ್ ಇಂಥವು ಈಜುವಾಗ ಬಾಯಿ ತೆರೆದಿಟ್ಟುಕೊಳ್ಳುತ್ತವೆ, ನಿಧಾನವಾದಾಗ ಬಾಯಿಯಿಂದಲೇ ನೀರೆಳೆಯಲು ಶುರುಮಾಡುತ್ತವೆ.

ಸದಾ ಈಜುವ ಜಾತಿಗಳಲ್ಲಿ ಬಾಯಿ, ಗಂಟಲಿನ ಈ ಪಂಪಿಗೆ ಒಬ್ಬಂಟಿಯಾಗಿ ಮೈಗೆ ಸಾಕಾಗುವಷ್ಟು ನೀರು ಸರಿಸುವ ಬಲ ಉಳಿದಿಲ್ಲ. ನೀರೆಳೆಯುವ ಕೆಲಸ ತಲೆಯಿಂದ ಬಾಲಕ್ಕೆ ವರ್ಗವಾಗಿದೆ.

ಕಣ್ಣಿನ ಹಿಂದೆ ಒಂದು ಸಣ್ಣ ತೂತು ಇರುತ್ತದೆ, ಅದನ್ನೂ ನೋಡಿ. ಏಂಜೆಲ್ ಶಾರ್ಕ್‌ನಲ್ಲಿ, ಅದರ ಬಂಧು ತೊರಕೆಯಲ್ಲಿ ಅದು ದೊಡ್ಡದು. ಮರಳಿನಲ್ಲಿ ಹೂತು ಕೂತಾಗ ಬಾಯಿ ತೆರೆದರೆ ಮರಳೇ ಒಳಗೆ ಬರುತ್ತದೆ, ಅದಕ್ಕೆ ಮೇಲಿನ ತೂತಿನಿಂದ ನೀರು ಎಳೆಯುತ್ತವೆ. ತೆರೆದ ಕಡಲಿನ ವೇಗದ ಶಾರ್ಕ್‌ಗಳಲ್ಲಿ ಈ ತೂತು ತೀರಾ ಚಿಕ್ಕದು, ಇಲ್ಲವೇ ಇಲ್ಲ. ಕೆಲಸವಿಲ್ಲದ ಅಂಗ.

ಕಡಲಕಾಗೆ:

ನೀರು ಒಳಗೆ ಬಂತು, ಸರಿ. ಅದರಿಂದ ಆಮ್ಲಜನಕ ತೆಗೆಯುವುದು ಹೇಗೆ? ನೀವೇ ಹೇಳಿದಿರಿ, ಲೀಟರಿಗೆ 5 ಮಿಲಿಲೀಟರ್ ಮಾತ್ರ ಅಂತ. ಅಷ್ಟರಲ್ಲಿ ಅರ್ಧ ಕಿತ್ತುಕೊಳ್ಳುವುದು ಸಣ್ಣ ಮಾತಲ್ಲ. ನಾವು ಒಳಗೆಳೆದ ಗಾಳಿಯಿಂದ ಎಷ್ಟು ತೆಗೆಯುತ್ತೇವೆ?

ಕಿವಿರು:

ನಾವು ಕಾಲು ಭಾಗ. 21 ಪಾಲು ಒಳಗೆ ಹೋದರೆ 16 ಪಾಲು ವಾಪಸ್. ನಾವು ದುಂದುಗಾರರು, ಗಾಳಿಯಲ್ಲಿ ಬೇಕಾದಷ್ಟಿದೆ. ಶಾರ್ಕ್‌ಗೆ ಆ ಐಷಾರಾಮ ಇಲ್ಲ.

ಕಿವಿರಿನ ಒಳಗೆ ಇಳಿದು ನೋಡೋಣ. ಹೆಚ್ಚಿನ ಶಾರ್ಕ್‌ಗಳಿಗೆ ಪ್ರತಿ ಪಕ್ಕಕ್ಕೆ ಐದು ಸೀಳು, ಕೆಲವಕ್ಕೆ ಆರು ಅಥವಾ ಏಳು. ಬೇರೆ ಮೀನುಗಳಿಗಿರುವ ಗಟ್ಟಿ ಮುಚ್ಚಳ ಇಲ್ಲಿಲ್ಲ. ಪ್ರತಿ ಸೀಳಿನ ಹಿಂದೆ ಮೆದು ಎಲುಬಿನ ಒಂದು ಕಮಾನು. ಕಮಾನಿನಿಂದ ಹೊರಗೆ ಚಾಚಿದ ಒಂದು ತೆರೆ. ತೆರೆಯ ಎರಡೂ ಮುಖಕ್ಕೆ ಸಾಲಾಗಿ ಅಂಟಿದ ಕೆಂಪು ಎಳೆಗಳು. ಪ್ರತಿ ಎಳೆಯ ಮೇಲೆ ಒತ್ತೊತ್ತಾಗಿ ನಿಂತ ಸೂಕ್ಷ್ಮ ಹಾಳೆಗಳು. ಆಮ್ಲಜನಕದ ವ್ಯಾಪಾರ ನಡೆಯುವುದು ಆ ಹಾಳೆಗಳಲ್ಲಿ. ನೀರು ಮತ್ತು ರಕ್ತದ ನಡುವಿನ ಪೊರೆ ಕೂದಲೆಳೆಗಿಂತ ಎಷ್ಟೋ ತೆಳು.

ನಿಜವಾದ ಜಾಣತನ ಇರುವುದು ಹರಿವಿನ ದಿಕ್ಕಿನಲ್ಲಿ. ಹಾಳೆಯೊಳಗೆ ರಕ್ತ ಹರಿಯುವ ದಿಕ್ಕು ನೀರಿನ ದಿಕ್ಕಿಗೆ ನೇರ ಎದುರು. ಎರಡೂ ಒಂದೇ ದಿಕ್ಕಿಗೆ ಹರಿದಿದ್ದರೆ ಏನಾಗುತ್ತಿತ್ತು ಯೋಚಿಸಿ. ನೀರಿನಲ್ಲಿ 100, ರಕ್ತದಲ್ಲಿ 0 ಇಟ್ಟುಕೊಳ್ಳಿ. ಜೊತೆಯಾಗಿ ಸಾಗುತ್ತಾ ಎರಡೂ 50ಕ್ಕೆ ಬಂದು ಸಮವಾಗುತ್ತವೆ, ಅಲ್ಲಿಗೆ ಆಮ್ಲಜನಕ ದಾಟುವುದು ನಿಲ್ಲುತ್ತದೆ. ಎದುರುಬದುರು ಹರಿದರೆ ಹಾಗಲ್ಲ. ಆಗಲೇ 60 ತುಂಬಿಕೊಂಡ ರಕ್ತಕ್ಕೆ 70 ಇರುವ ನೀರು ಎದುರಾಗುತ್ತದೆ. 80 ತುಂಬಿದ ರಕ್ತಕ್ಕೆ ಆಗಷ್ಟೇ ಒಳಬಂದ ತಾಜಾ ನೀರು ಸಿಗುತ್ತದೆ. ಹೆಜ್ಜೆ ಹೆಜ್ಜೆಗೂ ನೀರಿನ ಕಡೆ ಸ್ವಲ್ಪ ಹೆಚ್ಚೇ ಇರುವುದರಿಂದ ಆಮ್ಲಜನಕ ರಕ್ತಕ್ಕೆ ದಾಟುತ್ತಲೇ ಇರುತ್ತದೆ. (ಈ ಅಂಕಿಗಳು ವಿವರಣೆಗೆ ಮಾತ್ರ.)

ಜೋರಾಗಿ ಈಜುವ ಜಾತಿಗಳಲ್ಲಿ ಹಾಳೆಗಳ ಒಟ್ಟು ವಿಸ್ತಾರವೇ ಹೆಚ್ಚು. ಮಾಕೋ ಗುಂಪಿನ ಶಾರ್ಕ್‌ಗಳಲ್ಲಿ ಇದು ಅದೇ ಗಾತ್ರದ ಬೇರೆ ಶಾರ್ಕ್‌ಗಳಿಗಿಂತ ಎರಡು ಮೂರು ಪಟ್ಟು. ಅಷ್ಟು ರಭಸದ ನೀರಿಗೆ ಎಳೆಗಳು ಮಡಚಿಕೊಳ್ಳದಂತೆ ಆ ತೆರೆ ಹಿಡಿದಿಟ್ಟಿರುತ್ತದೆ.

ಕೌತುಕ:

ಎದುರುಬದುರು ಹರಿವು! ಇದು ಚೆನ್ನಾಗಿ ಕೂತಿತು ತಲೆಯಲ್ಲಿ. ಮುಂದೆ? ರಕ್ತ ಬಾಲದವರೆಗೆ ಹೋಗಬೇಕಲ್ಲ?

ಮೀನಮೇಷ:

ಹೋಗಬೇಕು. ಅಲ್ಲೂ ಬಾಲವೇ ಸಹಾಯಕ್ಕೆ ಬರುತ್ತದೆ. ಇದನ್ನು ಹೆಚ್ಚಿನವರು ಹೇಳುವುದೇ ಇಲ್ಲ. ನನಗಂತೂ ಇಡೀ ವಿಷಯದಲ್ಲಿ ಇದೇ ಇಷ್ಟ.

ನಮ್ಮ ಹೃದಯಕ್ಕೆ ಎರಡು ಕೆಲಸ, ಶ್ವಾಸಕೋಶಕ್ಕೆ ಒಂದು ಸಲ, ಮೈಗೆ ಇನ್ನೊಂದು ಸಲ ರಕ್ತ ತಳ್ಳುವುದು. ಶಾರ್ಕ್‌ನ ಹೃದಯದಲ್ಲಿ ಮುಖ್ಯವಾಗಿ ಒಂದು ಹೃತ್ಕರ್ಣ, ಒಂದು ಹೃತ್ಕುಕ್ಷಿ. ಅದರ ಮೂಲಕ ಹಾಯುವುದೆಲ್ಲ ಆಮ್ಲಜನಕ ಕಳೆದುಕೊಂಡ ರಕ್ತ. ಹೃದಯ ಅದನ್ನು ಕಿವಿರುಗಳಿಗೆ ತಳ್ಳುತ್ತದೆ. ಕಿವಿರಿನ ಆ ಸಣ್ಣ ಸಣ್ಣ ದಾರಿಗಳಲ್ಲಿ ನುಸುಳುವಷ್ಟರಲ್ಲಿ ಒತ್ತಡ ಇಳಿದುಹೋಗಿರುತ್ತದೆ. ಉಳಿದ ಒತ್ತಡದಲ್ಲೇ ರಕ್ತ ತಲೆಗೂ ಬಾಲಕ್ಕೂ ಹೋಗಬೇಕು, ಮತ್ತೆ ಹೃದಯಕ್ಕೆ ವಾಪಸ್ ಬರಬೇಕು.

ವಾಪಸ್ ಬರುವ ದಾರಿಯಲ್ಲಿ ಅಭಿಧಮನಿಯ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಬಾಲದ ದೊಡ್ಡ ಅಭಿಧಮನಿ ಬೆನ್ನೆಲುಬಿನ ಅಡಿಯ ಒಂದು ಗಟ್ಟಿ ಕೊಳವೆಯೊಳಗೆ ಹಾದುಹೋಗುತ್ತದೆ. ಬಾಲ ಎಡಕ್ಕೆ ಬಲಕ್ಕೆ ಬಾಗಿದಾಗಲೆಲ್ಲ ಅಕ್ಕಪಕ್ಕದ ಸ್ನಾಯುಗಳು ತಮ್ಮೊಳಗಿನ ಸಣ್ಣ ರಕ್ತನಾಳಗಳನ್ನು ಹಿಂಡಿ ರಕ್ತವನ್ನು ಆ ಕೊಳವೆಗೆ ದೂಡುತ್ತವೆ. ಹಿಂದಕ್ಕೆ ಹರಿಯದಂತೆ ಕವಾಟಗಳಿವೆ. ಇತ್ತ ಹೃದಯ ಕೂತಿರುವ ಚೀಲವೂ ಗಟ್ಟಿ. ಹೃತ್ಕುಕ್ಷಿ ಕುಗ್ಗಿದಾಗ ಚೀಲದೊಳಗೆ ಎಳೆತ ಹುಟ್ಟಿ ಹೃತ್ಕರ್ಣ ತುಂಬಲು ನೆರವಾಗುತ್ತದೆ.

ಹೀಗೆ ಬಾಲದ ಒಂದೇ ಬೀಸು ಮೈಯನ್ನು ಮುಂದೆ ತಳ್ಳುತ್ತದೆ, ಬಾಯಿಗೆ ನೀರು ತುಂಬುತ್ತದೆ, ರಕ್ತವನ್ನೂ ಹೃದಯದ ಕಡೆ ಸಾಗಿಸುತ್ತದೆ.

ಕಡಲಕಾಗೆ:

ಒಂದು ತರಲೆ ಪ್ರಶ್ನೆ. ಹೃದಯದಲ್ಲಿ ಹಾಯುವುದೆಲ್ಲ ಆಮ್ಲಜನಕ ಇಲ್ಲದ ರಕ್ತ ಅಂದರೆ, ಹೃದಯದ ಸ್ನಾಯುವಿಗೆ ಊಟ ಎಲ್ಲಿಂದ?

ಮೀನಮೇಷ:

ತರಲೆ ಅಲ್ಲ, ಸರಿಯಾದ ಪ್ರಶ್ನೆಯೇ. ಕಿವಿರಿನಿಂದ ಹೊರಬರುವ ತಾಜಾ ರಕ್ತದಲ್ಲಿ ಒಂದು ಪಾಲು ಪ್ರತ್ಯೇಕ ನಾಳಗಳಲ್ಲಿ ನೇರವಾಗಿ ಹೃದಯದ ಗೋಡೆಗೆ ಬರುತ್ತದೆ.

ಕಿವಿರು:

ರಕ್ತದ ಬಗ್ಗೆ ನಾನೊಂದು ಸೇರಿಸುತ್ತೇನೆ. ಶಾರ್ಕ್‌ನ ಕೆಂಪು ರಕ್ತಕಣ ನಮ್ಮದಕ್ಕಿಂತ ದೊಡ್ಡದು, ಒಳಗೆ ಕೋಶಕೇಂದ್ರವೂ ಇರುತ್ತದೆ. ತಳದಲ್ಲಿ ಓಡಾಡುವ ನಿಧಾನಿ ಶಾರ್ಕ್‌ಗಳ ರಕ್ತದಲ್ಲಿ ಕೆಂಪು ಕಣಗಳ ಪಾಲು ಸುಮಾರು ಐದನೇ ಒಂದು. ಮಾಕೋದಂಥ ಓಟಗಾರರಲ್ಲಿ ಮೂರನೇ ಒಂದಕ್ಕೂ ಮಿಗಿಲು. ಹೊರುವ ಜನ ಜಾಸ್ತಿ, ಸಾಗುವ ಆಮ್ಲಜನಕವೂ ಜಾಸ್ತಿ.

ಗಂಟೆಗಟ್ಟಲೆ ಈಜುವ ಕೆಲಸ ಕೆಂಪು ಸ್ನಾಯುವಿನದು. ಹೆಚ್ಚಿನ ಶಾರ್ಕ್‌ಗಳಲ್ಲಿ ಅದು ಚರ್ಮದ ಕೆಳಗೇ ತೆಳುವಾದ ಪಟ್ಟಿಯಾಗಿರುತ್ತದೆ. ಗ್ರೇಟ್ ವೈಟ್, ಮಾಕೋದಂಥ ಕೆಲವಲ್ಲಿ ಮಾತ್ರ ಬೆನ್ನೆಲುಬಿನ ಹತ್ತಿರ ಆಳದಲ್ಲಿದೆ. ಅದಕ್ಕೆ ಹೋಗುವ ತಣ್ಣನೆ ರಕ್ತ, ಅದರಿಂದ ಬರುವ ಬಿಸಿ ರಕ್ತ ಅಕ್ಕಪಕ್ಕದ ಸಣ್ಣ ನಾಳಗಳಲ್ಲಿ ಎದುರುಬದುರಾಗಿ ಹಾಯುತ್ತವೆ. ಕಿವಿರಿನಲ್ಲಿ ಆಮ್ಲಜನಕಕ್ಕೆ ಬಳಸಿದ ಉಪಾಯವನ್ನೇ ಇಲ್ಲಿ ಶಾಖಕ್ಕೆ ಬಳಸಲಾಗಿದೆ. ಸ್ನಾಯುವಿನ ಬಿಸಿ ಹೊರಗೆ ಹೋಗದೆ ಒಳಗೇ ಸುತ್ತುತ್ತದೆ. ಫ್ರಾನ್ಸಿಸ್ ಕ್ಯಾರಿ ಮತ್ತು ಜಾನ್ ಟೀಲ್ 1969ರಲ್ಲಿ ಮಾಕೋ ಮತ್ತು ಪೋರ್‌ಬೀಗಲ್ ಶಾರ್ಕ್‌ಗಳ ಮೈ ನೀರಿಗಿಂತ ಬೆಚ್ಚಗಿರುತ್ತದೆ ಎಂದು ತೋರಿಸಿದರು. ಸಾಲ್ಮನ್ ಶಾರ್ಕ್ ಅಂತೂ ಉತ್ತರ ಪೆಸಿಫಿಕ್‌ನ ಚಳಿ ನೀರಿನಲ್ಲಿ ಸುತ್ತಲಿಗಿಂತ 15 ಡಿಗ್ರಿಗೂ ಹೆಚ್ಚು ಬೆಚ್ಚಗಿರಬಲ್ಲದು. ಬೆಚ್ಚಗಿನ ಸ್ನಾಯು ಜೋರಾಗಿ ಕೆಲಸ ಮಾಡುತ್ತದೆ, ಹಾಗೆಯೇ ಆಮ್ಲಜನಕವನ್ನೂ ಜಾಸ್ತಿ ಕೇಳುತ್ತದೆ. ದೊಡ್ಡ ಕಿವಿರು, ಗಟ್ಟಿ ರಕ್ತ, ನಿಲ್ಲದ ಈಜು ಇವೆಲ್ಲ ಒಟ್ಟಿಗೇ ಬರುವುದು ಅದಕ್ಕೇ.

ನಿದ್ದೆಗೇಡಿ:

ಎಲ್ಲ ಸರಿ. ನನ್ನ ಹೆಸರಿಗೆ ತಕ್ಕ ಪ್ರಶ್ನೆ ಕೇಳುತ್ತೇನೆ. ನಿಲ್ಲದೇ ಈಜುವವು ಮಲಗುವುದು ಯಾವಾಗ?

ಅಲೆಮಾರಿ:

ಇದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ. ಚೂರು ಚೂರಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಸ್ಪೈನಿ ಡಾಗ್‌ಫಿಶ್ ಎಂಬ ಸಣ್ಣ ಶಾರ್ಕ್‌ನಲ್ಲಿ ಈಜುವ ತಾಳವನ್ನು ನಡೆಸುವುದು ಬೆನ್ನುಹುರಿ. ಮೆದುಳಿನ ಸಂಪರ್ಕ ಕಡಿದರೂ ಮೈ ಬಳುಕುತ್ತಲೇ ಇರುತ್ತದೆ. ಹಾಗಾಗಿ ಮೆದುಳು ಮಂಪರಿನಲ್ಲಿದ್ದರೂ ಈಜು ಸಾಗಬಹುದು ಎಂಬ ಊಹೆ ಇದೆ. 2016ರಲ್ಲಿ ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಹತ್ತಿರ ಒಂದು ನೀರೊಳಗಿನ ರೋಬೋ ರಾತ್ರಿ ಹೊತ್ತು ಹೆಣ್ಣು ಗ್ರೇಟ್ ವೈಟ್ ಒಂದರ ಹಿಂದೆ ಬಿತ್ತು. ಅದು ದಡದ ಹತ್ತಿರ, ಹರಿವಿಗೆ ಎದುರಾಗಿ, ಬಾಯಿ ತೆರೆದುಕೊಂಡು ತೀರಾ ನಿಧಾನವಾಗಿ ಈಜುತ್ತಿತ್ತು. ಎದುರು ಹರಿವು ಇದ್ದರೆ ಕಡಿಮೆ ಈಜಿಗೂ ಬಾಯಿಗೆ ನೀರು ಸಿಗುತ್ತದಲ್ಲ. ನಿದ್ದೆಯೋ ಮಂಪರೋ, ಮಿತವ್ಯಯವಂತೂ ಹೌದು.

ಮಲಗಬಲ್ಲ ಶಾರ್ಕ್‌ಗಳ ನಿದ್ದೆಯನ್ನು ಅಳೆದೂ ಆಗಿದೆ. ನ್ಯೂಜಿಲೆಂಡ್ ಕಡೆಯ ಡ್ರಾಟ್ಸ್‌ಬೋರ್ಡ್ ಶಾರ್ಕ್ ನಿದ್ದೆಯಲ್ಲಿ ಆಮ್ಲಜನಕ ಕಡಿಮೆ ಬಳಸುತ್ತದೆ ಎಂದು 2022ರಲ್ಲಿ ಪ್ರಕಟವಾಯಿತು. ಕೆಲವು ಕಣ್ಣು ತೆರೆದೇ ಮಲಗಿದ್ದವಂತೆ.

ಇನ್ನು ಶಾರ್ಕ್ ಸಂಶೋಧಕಿ ಯೂಜಿನಿ ಕ್ಲಾರ್ಕ್ ಅವರ ಹೆಸರು ಹೇಳದೆ ಈ ಮಾತು ಮುಗಿಯುವುದಿಲ್ಲ. 1970ರ ದಶಕದಲ್ಲಿ ಅವರು ಮೆಕ್ಸಿಕೋದ ಇಸ್ಲಾ ಮುಹೇರೆಸ್ ದ್ವೀಪದ ಹತ್ತಿರದ ಗುಹೆಗಳಲ್ಲಿ ಇಳಿದರು. ಸದಾ ಈಜುತ್ತವೆ ಎಂದು ಜನ ನಂಬಿದ್ದ ಕೆರಿಬಿಯನ್ ರೀಫ್ ಶಾರ್ಕ್‌ಗಳು ಅಲ್ಲಿ ನೆಲದ ಮೇಲೆ ಮಲಗಿದ್ದವು, ಉಸಿರಾಡುತ್ತಿದ್ದವು. ಮೈ ನಿಂತಿತ್ತು, ಕಣ್ಣು ಮಾತ್ರ ಡೈವರ್‌ಗಳನ್ನು ಹಿಂಬಾಲಿಸುತ್ತಿತ್ತು. ಪಟ್ಟಿ ಬರೆದವರಿಗಿಂತ ನೀರಿಗೆ ಇಳಿದವರ ಮಾತಿಗೆ ನನ್ನ ವೋಟು.

ಕಡಲಕಾಗೆ:

ಗ್ರೇಟ್ ವೈಟನ್ನು ಅಕ್ವೇರಿಯಂನಲ್ಲಿ ಇಡಲಾಗದ್ದು ಇದಕ್ಕೇನಾ?

ಮೀನಮೇಷ:

ಒಂದು ಕಾರಣ ಇದು. ಮುಂದೆ ಹೋಗುತ್ತಲೇ ಇರಬೇಕಾದ ಪ್ರಾಣಿಗೆ ತಿರುಗಲು ಜಾಗ ಬೇಕು. ಸಾಗಿಸುವಾಗಲೇ ತೊಂದರೆ ಶುರು, ಇಕ್ಕಟ್ಟಿನ ತೊಟ್ಟಿಯಲ್ಲಿ ಬಾಯಿಗೆ ನೀರು ಹರಿಯುತ್ತಿರುವಂತೆ ನೋಡಿಕೊಳ್ಳಬೇಕು. ಜೊತೆಗೆ ಊಟ ಬಿಡುವುದು, ಗೋಡೆಗೆ ಮೈ ಉಜ್ಜಿಕೊಳ್ಳುವುದು. ಕ್ಯಾಲಿಫೋರ್ನಿಯಾದ ಮಾಂಟೆರೇ ಬೇ ಅಕ್ವೇರಿಯಂ 2004ರಲ್ಲಿ ಒಂದು ಎಳೆಯ ಹೆಣ್ಣು ಶಾರ್ಕನ್ನು ಸುಮಾರು 38 ಲಕ್ಷ ಲೀಟರ್ ನೀರಿನ ತೊಟ್ಟಿಯಲ್ಲಿ 198 ದಿನ ಇಟ್ಟುಕೊಂಡು, ಮತ್ತೆ ಕಡಲಿಗೆ ಬಿಟ್ಟಿತು. ಅದಕ್ಕೆ ಮುಂಚಿನ ಪ್ರಯತ್ನಗಳೆಲ್ಲ ಬೇಗನೆ ಮುಗಿದಿದ್ದವು.

ಕೌತುಕ:

ಹಾಗಾದರೆ ಸದಾ ಈಜುವ ಶಾರ್ಕ್ ಒಂದು ಗಳಿಗೆಯೂ ಉಸಿರು ಹಿಡಿಯುವ ಹಾಗಿಲ್ಲ ಅಂತಾಯಿತು.

ಕಿವಿರು:

ಅಲ್ಲೇ ಇರುವುದು ಮಜಾ. ಹಿಡಿಯುವ ಒಂದು ಇದೆ!

ಸ್ಕ್ಯಾಲೋಪ್ಡ್ ಹ್ಯಾಮರ್‌ಹೆಡ್ ಎಂಬ ಸುತ್ತಿಗೆ ತಲೆಯ ಶಾರ್ಕ್ ಬೆಚ್ಚಗಿನ ನೀರಿನದು. ಗ್ರೇಟ್ ವೈಟ್‌ನ ಹಾಗೆ ಮೈ ಬಿಸಿ ಇಟ್ಟುಕೊಳ್ಳುವ ರಕ್ತನಾಳದ ಜಾಲ ಇದಕ್ಕಿಲ್ಲ. ಆದರೂ ರಾತ್ರಿ ಹೊತ್ತು 800 ಮೀಟರಿಗೂ ಆಳಕ್ಕೆ ಧುಮುಕುತ್ತದೆ. ಮೇಲೆ 26 ಡಿಗ್ರಿ, ಕೆಳಗೆ 5 ಡಿಗ್ರಿಯವರೆಗೆ ಇಳಿಯುವ ನೀರು. ಹವಾಯಿಯಲ್ಲಿ ಮಾರ್ಕ್ ರಾಯರ್ ಮತ್ತು ಸಂಗಡಿಗರು ಈ ಶಾರ್ಕ್‌ಗಳಿಗೆ ಸ್ನಾಯುವಿನ ಶಾಖ ಅಳೆಯುವ ಉಪಕರಣ ಕಟ್ಟಿ ಬಿಟ್ಟರು. ಫಲಿತಾಂಶ 2023ರಲ್ಲಿ ಬಂತು. ಅಷ್ಟು ತಣ್ಣನೆ ನೀರಿನಲ್ಲೂ ಸ್ನಾಯು ಬಿಸಿಯಾಗಿಯೇ ಇತ್ತು!

ಮೀನಿನ ಮೈಯಿಂದ ಶಾಖ ಸೋರುವ ದೊಡ್ಡ ಬಾಗಿಲು ಕಿವಿರು. ಆಮ್ಲಜನಕ ಸುಲಭವಾಗಿ ದಾಟಲಿ ಎಂದು ತೆಳುವಾಗಿಟ್ಟ ಪೊರೆಯಲ್ಲಿ ಬಿಸಿಯೂ ಅಷ್ಟೇ ಸುಲಭವಾಗಿ ದಾಟುತ್ತದೆ. ರಕ್ತದ ಪ್ರತಿ ಹನಿ ಅಲ್ಲಿ ಹಾಯ್ದು ನೀರಿನಷ್ಟೇ ತಣ್ಣಗಾಗಿ ಬರುತ್ತದೆ. ಹ್ಯಾಮರ್‌ಹೆಡ್ ಆಳದಲ್ಲಿ ಆ ಬಾಗಿಲನ್ನೇ ಮುಚ್ಚುತ್ತದೆ ಎಂದು ಅವರು ತೀರ್ಮಾನಿಸಿದರು. ಟಾಂಜಾನಿಯಾ ಕರಾವಳಿಯಲ್ಲಿ ಸಾವಿರ ಮೀಟರಿಗೂ ಆಳದಲ್ಲಿ ಮೊದಲೇ ಸಿಕ್ಕಿದ್ದ ಒಂದು ವಿಡಿಯೋದಲ್ಲಿ ಇದೇ ಜಾತಿಯ ಶಾರ್ಕ್ ಕಿವಿರು ಸೀಳುಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಈಜುತ್ತಿರುವುದು ಕಾಣುತ್ತದೆ. ಒಂದೊಂದು ಮುಳುಗಿಗೆ ಸರಾಸರಿ 17 ನಿಮಿಷ ಹೀಗೆ. ಮೇಲೆ ಬರುವ ದಾರಿಯಲ್ಲಿ, ಇನ್ನೂ ತಣ್ಣನೆ ನೀರಿನಲ್ಲಿರುವಾಗಲೇ ಮೈಶಾಖ ತಟ್ಟನೆ ಇಳಿಯುತ್ತದೆ. ಅಲ್ಲಿ ಕಿವಿರು ತೆರೆಯಿತು ಎಂದರ್ಥ.

ಈಜುತ್ತಿದೆ, ಆದರೆ ಉಸಿರಾಡುತ್ತಿಲ್ಲ. ಈ ಚರ್ಚೆಯ ತಲೆಬರಹಕ್ಕೇ ತಿರುಗೇಟು.

ಕಡಲಕಾಗೆ:

17 ನಿಮಿಷ! ಅದೂ ಬೇಟೆಯಾಡುತ್ತಾ! ನಾನು ಎರಡು ಮಹಡಿ ಹತ್ತಿದರೆ ಏದುಸಿರು.

ಅಲೆಮಾರಿ:

ಆಮ್ಲಜನಕ ಇಲ್ಲದೆ ಬದುಕುವ ಸ್ಪರ್ಧೆ ಇಟ್ಟರೆ ಎಪಾಲೆಟ್ ಶಾರ್ಕ್‌ಗೆ ಪದಕ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ರಾತ್ರಿ ಇಳಿತವಾದಾಗ ಹವಳದ ನಡುವಿನ ಗುಂಡಿಗಳು ಕಡಲಿನಿಂದ ಬೇರೆಯಾಗುತ್ತವೆ. ಒಳಗಿನ ಜೀವಿಗಳೆಲ್ಲ ಉಸಿರಾಡಿ ಆಮ್ಲಜನಕ ಖಾಲಿಯಾಗುತ್ತದೆ. ಈ ಸಣ್ಣ ಶಾರ್ಕ್ ಹೃದಯದ ಬಡಿತ, ರಕ್ತದೊತ್ತಡ ಇಳಿಸಿಕೊಂಡು ಗಂಟೆಗಟ್ಟಲೆ ತಡೆಯುತ್ತದೆ. ಬೇಜಾರಾದರೆ ಈಜುರೆಕ್ಕೆಗಳನ್ನೇ ಕಾಲು ಮಾಡಿಕೊಂಡು ನಡೆದು ಪಕ್ಕದ ಗುಂಡಿಗೆ ಹೋಗುತ್ತದೆ.

ನಿದ್ದೆಗೇಡಿ:

ಬಲೆಗೆ ಬಿದ್ದ ಶಾರ್ಕ್ ಗತಿ? ಅದು ಈಜಲಾರದಲ್ಲ.

ಮೀನಮೇಷ:

ಜಾತಿಯ ಮೇಲೆ ಹೋಗುತ್ತದೆ. ಬಲೆಯಲ್ಲಿ ಸಿಕ್ಕ ನರ್ಸ್ ಶಾರ್ಕ್ ಬಾಯಿಯಿಂದ ನೀರೆಳೆಯುತ್ತಾ ಬದುಕಿರಬಹುದು. ಮಾಕೋ, ಹ್ಯಾಮರ್‌ಹೆಡ್‌ಗಳಿಗೆ ಆ ದಾರಿ ಇಲ್ಲ. ಬಿಡಿಸಿಕೊಳ್ಳಲು ಒದ್ದಾಡಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ, ಇತ್ತ ಕಿವಿರಿಗೆ ನೀರು ಬರುವುದಿಲ್ಲ. ಎರಡೂ ಕಡೆಯಿಂದ ಹೊಡೆತ. ಹ್ಯಾಮರ್‌ಹೆಡ್ ಅಂತೂ ಬಿಟ್ಟ ಮೇಲೂ ಎಷ್ಟೋ ಸಲ ಚೇತರಿಸಿಕೊಳ್ಳುವುದಿಲ್ಲ. ಹಿಡಿದು ಬಿಡುವ ಸಂಶೋಧಕರು ಶಾರ್ಕ್‌ನ ಬಾಯಿಗೆ ನೀರಿನ ಪೈಪ್ ಇಡುವುದು, ದೋಣಿಯ ಪಕ್ಕದಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಸಾಗಿಸುವುದು ಈ ಕಾರಣಕ್ಕೇ. ಈಜುರೆಕ್ಕೆ ಕತ್ತರಿಸಿ ಜೀವಂತ ಮೈಯನ್ನು ನೀರಿಗೆ ಎಸೆಯುವ ದಂಧೆ ಎಷ್ಟು ಕ್ರೂರ ಅಂತ ಇದರಿಂದಲೇ ಗೊತ್ತಾಗುತ್ತದೆ. ರೆಕ್ಕೆ ಹೋದರೆ ಈಜು ಹೋಯಿತು. ಮುಳುಗುತ್ತಾ ನೀರಿನಲ್ಲೇ ಉಸಿರು ಕಟ್ಟುತ್ತದೆ.

ಕೌತುಕ:

ಛೆ. ಇನ್ನೊಂದು ಕೇಳುತ್ತೇನೆ. ಕಡಲು ಬಿಸಿಯಾಗುತ್ತಿದೆ ಅಂತಾರಲ್ಲ, ನೀರಿನ ಆಮ್ಲಜನಕವೂ ಕಡಿಮೆಯಾಗುತ್ತದಾ?

ಕಿವಿರು:

ಆಗುತ್ತದೆ. ಸೊನ್ನೆ ಡಿಗ್ರಿಯ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಲೀಟರ್ ಕರಗುತ್ತದೆ, 30 ಡಿಗ್ರಿಯಲ್ಲಿ ನಾಲ್ಕೂವರೆ ಆಸುಪಾಸು. ನೀರು ಬಿಸಿಯಾದಷ್ಟೂ ಶಾರ್ಕ್‌ನ ಮೈ ಹೆಚ್ಚು ಕೇಳುತ್ತದೆ, ನೀರು ಕಡಿಮೆ ಕೊಡುತ್ತದೆ. 1960ರಿಂದ ಈಚೆಗೆ ಒಟ್ಟು ಸಾಗರಗಳ ಆಮ್ಲಜನಕ ಶೇಕಡಾ 2ರಷ್ಟು ಇಳಿದಿದೆ ಎಂದು 2017ರ ಒಂದು ಅಧ್ಯಯನ ಹೇಳಿತು. ಎಲ್ಲ ಕಡೆ ಒಂದೇ ಸಮ ಅಲ್ಲ. ಅಟ್ಲಾಂಟಿಕ್‌ನಲ್ಲಿ ಆಫ್ರಿಕಾದ ಪಶ್ಚಿಮಕ್ಕೆ ಆಳದಲ್ಲಿ ಆಮ್ಲಜನಕ ಕಡಿಮೆ ಇರುವ ದೊಡ್ಡ ಪದರವೇ ಇದೆ. ಅದರ ಮೇಲೆ ಓಡಾಡುವ ನೀಲಿ ಶಾರ್ಕ್‌ಗಳು ಬೇರೆ ಕಡೆಯಷ್ಟು ಆಳಕ್ಕೆ ಇಳಿಯುವುದಿಲ್ಲ. ಆ ಪದರ ದಪ್ಪವಾದಷ್ಟೂ ಅವು ಮೇಲ್ಭಾಗಕ್ಕೆ ಒತ್ತರಿಸಿಕೊಳ್ಳುತ್ತವೆ. ಮೀನುಗಾರಿಕೆಯ ಗಾಳಗಳು ಇರುವುದೂ ಅಲ್ಲೇ.

ಜೋರಾಗಿ ಈಜಿ ಹೆಚ್ಚು ನೀರು ತೆಗೆದುಕೊಂಡು ಸರಿದೂಗಿಸಬಹುದಲ್ಲ ಎನ್ನಬೇಡಿ. ಮೀನಮೇಷ ಅವರ ಎಂಟು ಪಟ್ಟಿನ ಲೆಕ್ಕ ಅಲ್ಲಿ ಅಡ್ಡ ಬರುತ್ತದೆ.

ಕಡಲಕಾಗೆ:

ಕೊನೆಯದಾಗಿ ಒಂದು. ಶಾರ್ಕ್‌ನ ಹೊಟ್ಟೆಗೆ ಅಂಟಿಕೊಂಡು ಹೋಗುವ ಆ ಸಣ್ಣ ಮೀನು, ರೆಮೋರಾ, ಅದು ಹೇಗೆ ಉಸಿರಾಡುತ್ತದೆ? ಅದೂ ಬಾಯಿ ತೆರೆದುಕೊಂಡೇ?

ಮೀನಮೇಷ:

ಹೌದು. ಶಾರ್ಕ್ ನಿಧಾನವಾಗಿದ್ದರೆ ರೆಮೋರಾ ತನ್ನ ಬಾಯಿಯಿಂದಲೇ ನೀರೆಳೆಯುತ್ತದೆ. ಶಾರ್ಕ್ ವೇಗ ಹಿಡಿದ ಕೂಡಲೇ ಅದನ್ನು ನಿಲ್ಲಿಸಿ ಬಾಯಿ ತೆರೆದಿಟ್ಟುಕೊಳ್ಳುತ್ತದೆ. ಈಜುವ ಖರ್ಚೂ ಇಲ್ಲ, ನೀರೆಳೆಯುವ ಖರ್ಚೂ ಇಲ್ಲ. ಎರಡೂ ಬಿಲ್ಲು ಶಾರ್ಕ್ ಹೆಸರಿಗೆ.